ತಪ್ಪು ನಮ್ಮದೇ ಅಂದವನು

"ನಿಮ್ಮ ಪ್ರೋಟೀನ್ ಯಾವ ಕೆಲಸಕ್ಕೂ ಬರಲ್ಲ! ಒಂದಲ್ಲ, ಮೂರು ಸೀಸೆ ನೋಡಿದೀನಿ!"

ಐಸ್ ಪೆಟ್ಟಿಗೆ ಹಿಡಿದು ಪ್ರಯೋಗಾಲಯದ ಬಾಗಿಲಲ್ಲಿ ನಿಂತವನಿಗೆ, ಒಳಗೆ ಕಾಲಿಡುವ ಮೊದಲೇ ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿಯಿಂದ ಸಿಕ್ಕ ಸ್ವಾಗತ ಅದು.

"ಕೂತ್ಕೋಬಹುದಾ?" ಅಂದ ಮೆತ್ತಗೆ.

"ಕೂರೋಕೆ ಬಂದಿದೀರಾ?"

"ಇಲ್ಲ ಮೇಡಂ, ಬೈಸಿಕೊಳ್ಳೋಕೆ. ಕೂತು ಬೈಸಿಕೊಂಡ್ರೆ ಕಾಲು ನೋಯಲ್ಲ ಅಂತ..."

ಅವಳಿಗೆ ನಗು ಉಕ್ಕಿ ಬಂತು. ಕಷ್ಟಪಟ್ಟು ನುಂಗಿಕೊಂಡಳು.

ಅವನು ಆ ಪ್ರೋಟೀನ್ ತಯಾರಿಸುವ ಕಂಪನಿಯವನು. ನಮ್ಮ ದೇಹವನ್ನು ಕಾಯುವ ಕೋಶಗಳ ಮೈಮೇಲೆ, ಸಂದೇಶಗಳನ್ನು ಹಿಡಿದುಕೊಳ್ಳುವ ಪುಟ್ಟ ಗ್ರಾಹಕಗಳಿರುತ್ತವೆ. ಅಂಥದ್ದೊಂದರ ಜೀನನ್ನು ಬೇರೆ ಕೋಶಗಳಿಗೆ ಸೇರಿಸಿ, ಅವುಗಳಿಂದಲೇ ಆ ಗ್ರಾಹಕವನ್ನು ಮಾಡಿಸಿ, ಶುದ್ಧ ಮಾಡಿ, ಒಣಗಿಸಿ ಸೀಸೆಗೆ ತುಂಬುವುದು ಅವನ ಕೆಲಸ. ಅದಕ್ಕೆ ಗಟ್ಟಿಯಾಗಿ ಅಂಟಿ, ತಪ್ಪು ಸಂದೇಶ ತಡೆಯುವ ಔಷಧ ಹುಡುಕುವುದು ಅವಳ ಕೆಲಸ.

ಅವಳ ಸಿಟ್ಟಿಗೂ ಕಾರಣವಿತ್ತು. ಕಾಯಬೇಕಾದ ಕೋಶಗಳೇ ಅವಳ ಅಕ್ಕನ ಬೆರಳ ಕೀಲುಗಳನ್ನು ತಿನ್ನುತ್ತಿದ್ದವು. ಮೂವತ್ತೆರಡಕ್ಕೇ ಅಕ್ಕನಿಗೆ ಗುಂಡಿ ಹಾಕಿಕೊಳ್ಳಲು ಭಾವನ ಕೈ ಬೇಕಾಗಿತ್ತು!

ಮೂರು ದಿನ ಅವನು ಬಂದ. ಅವಳ ಪ್ರಯೋಗದ ಪುಸ್ತಕ ಓದಿದ. ಶೈತ್ಯಾಗಾರ ನೋಡಿದ, ಪುಡಿ ಕರಗಿಸುವ ನೀರು ನೋಡಿದ. ಸುಡು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಬರುತ್ತಿದ್ದ. ತಣ್ಣನೆ ಕೋಣೆಯಲ್ಲಿ ಕೆಲಸ ಮಾಡಿ ಅಭ್ಯಾಸವಂತೆ. ಎರಡನೇ ದಿನ, ಯಾಕೋ ಏನೋ, ಅವಳು ಅಕ್ಕನ ಕಥೆಯನ್ನೆಲ್ಲ ಅವನಿಗೆ ಹೇಳಿಬಿಟ್ಟಳು.

ಮೂರನೇ ದಿನ ಹೊಸ ಸೀಸೆಯ ಪುಡಿಯನ್ನು ಅವನೇ ನೀರಲ್ಲಿ ಕರಗಿಸಿದ. ಔಷಧ ಅಂಟಿತೇ ಎಂದು ಅಳೆಯುವ ಯಂತ್ರದ ಪರದೆಯ ಮೇಲೆ ಗೆರೆ ಸರ್ರನೆ ಮೇಲೇರಿತು.

"ಅಂಟಿತು! ಅಂಟಿತು ರೀ!" ಅವಳು ಅವನ ತೋಳು ಹಿಡಿದು ಕುಣಿದೇಬಿಟ್ಟಳು. ಆಮೇಲೆ ಥಟ್ಟನೆ ಕೈಬಿಟ್ಟಳು.

ಹಿಂದೆ ಅವಳ ಗೈಡ್ ಮೇಡಂ ನಿಂತಿದ್ದರು. "ಹಾಗಾದ್ರೆ ಹಳೇ ಸೀಸೆಗಳಿಗೆ ಏನಾಗಿತ್ತು?"

ಅವನು ಅವಳ ಪುಸ್ತಕ ಮುಚ್ಚಿಟ್ಟ. "ತಪ್ಪು ನಮ್ಮದೇ. ಒಣಗಿಸುವಾಗ ಏನೋ ಆಗಿರಬೇಕು."

ಎರಡು ವಾರ ಕಳೆದವು. ಬಾಗಿಲು ಸದ್ದಾದಾಗಲೆಲ್ಲ ಅವಳ ಕತ್ತು ತಾನಾಗಿಯೇ ತಿರುಗುತ್ತಿತ್ತು. 'ಛೆ, ಇದೇನು ಹುಚ್ಚು ನನಗೆ!'

ಕೊನೆಗೆ ಸೀಸೆ ತರಿಸುವ ನೆಪದಲ್ಲಿ ಕಂಪನಿಗೆ ಫೋನ್ ಮಾಡಿ ಅವನನ್ನು ಕೇಳಿದಳು. ಎತ್ತಿದ್ದು ಯಾರೋ ಹೆಂಗಸು.

"ಅವರು ಈಗ ತಯಾರಿಕೆಯಲ್ಲಿಲ್ಲ. ನಿಮ್ಮ ಸೀಸೆ ಕೆಟ್ಟಿದ್ದಕ್ಕೆ ಪ್ಯಾಕಿಂಗಿಗೆ ಹಾಕಿದಾರೆ. ಆದ್ರೆ ಆಶ್ಚರ್ಯ ನೋಡಿ, ಅದೇ ಸಲ ಮಾಡಿದ ಸೀಸೆಗಳು ಬೇರೆ ಎಲ್ಲರ ಹತ್ರಾನೂ ಚೆನ್ನಾಗೇ ಇವೆ!"

ಅವಳು ಪುಸ್ತಕ ತೆಗೆದಳು. ಅವಳದೇ ಅಕ್ಷರ: 'ಬೇಗ ಕರಗಲೆಂದು ಯಂತ್ರದಲ್ಲಿಟ್ಟು ಜೋರಾಗಿ ಕುಲುಕಿದೆ.' ನೊರೆ ಬರುವಂತೆ ಕುಲುಕಿದರೆ ಈ ಪ್ರೋಟೀನ್ ಹಾಳಾಗುತ್ತದೆ. ಅವನು ಸೀಸೆಯನ್ನು ಮೆಲ್ಲಗೆ ಹೊರಳಿಸಿದ್ದನಷ್ಟೇ. ಈ ಪುಟವನ್ನೂ ಓದಿದ್ದ!

ಆ ಸಂಜೆ ಕಂಪನಿಯ ಗೇಟಿನಲ್ಲಿ ಅವನನ್ನು ತಡೆದಳು.

"ಗೊತ್ತಿತ್ತಾ?"

"...ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನಿಮ್ಮ ಮೇಡಂ ಅಲ್ಲೇ ಇದ್ರು. ನಿಮ್ಮ ಅಕ್ಕ ಬೇರೆ... ನಿಮ್ಮನ್ನ ಈ ಕೆಲಸದಿಂದ ತೆಗೆದುಬಿಟ್ರೆ ಅಂತ..."

"ನಿಮ್ಮ ಕರುಣೆ ಯಾರಿಗೆ ಬೇಕಿತ್ತು? ನಾನು ಮತ್ತೆ ಕುಲುಕಿದ್ರೆ ಏನು ಗತಿ? ಒಂದು ಸುಳ್ಳಿನ ಮೇಲೆ ಔಷಧ ಹುಡುಕಲಾ ನಾನು?"

ಅವಳು ತಿರುಗಿ ನೋಡದೆ ಹೊರಟಳು.

ಮನೆಯಲ್ಲಿ ಅಕ್ಕ ಎಲ್ಲ ಕೇಳಿಸಿಕೊಂಡಳು. "ಬೈದು ಬಂದೆ, ಸರಿ. ಮತ್ತೆ ಅಳ್ತಿರೋದು ಯಾಕೆ?"

"ಕೋಪಕ್ಕೆ!"

"ಮದುವೆಗೆ ಮುಂಚೆ ನಿಮ್ಮಕ್ಕನೂ ನನ್ನ ಮೇಲೆ ಹೀಗೇ ಕೋಪಕ್ಕೆ ಅಳ್ತಿದ್ಲು," ಎಂದು ಒಳಗಿನಿಂದ ಭಾವನ ದನಿ ಬಂತು.

ಅಕ್ಕ ಸೊಟ್ಟ ಬೆರಳುಗಳಿಂದಲೇ ಅವಳ ಕೆನ್ನೆ ಒರೆಸಿದಳು. "ಅವನು ಸುಳ್ಳು ಹೇಳಿದ್ದು ತಪ್ಪೇ ಕಣೇ. ಆದ್ರೆ ಅವನನ್ನ ಪ್ಯಾಕಿಂಗಿನಿಂದ ಬಿಡಿಸೋದು ನಿನ್ನ ಕೈಲೇ ಇದೆ ಅಲ್ವಾ?"

ಮರುದಿನ ಬೆಳಗ್ಗೆ ಅವಳು ಗೈಡ್ ಮುಂದೆ ಪುಸ್ತಕ ತೆರೆದಿಟ್ಟಳು. "ಮೇಡಂ, ಹಾಳು ಮಾಡಿದ್ದು ನಾನು."

ಅವರು ಆ ಪುಟವನ್ನು ಎರಡು ಸಲ ಓದಿದರು. "ಮುಂದಿನ ಸಮ್ಮೇಳನದಲ್ಲಿ ನೀನು ಮಾತಾಡೋದು ಬೇಡ. ಎಲ್ಲ ಪ್ರಯೋಗ ಮೊದಲಿಂದ ಮಾಡು. ಕಂಪನಿಗೂ ನೀನೇ ಬರಿ."

ಅವತ್ತೇ ಬರೆದಳು, ಒಂದಕ್ಷರ ಮುಚ್ಚಿಡದೆ.

ನಾಲ್ಕನೇ ದಿನ ಬಾಗಿಲು ಸದ್ದಾಯಿತು. ಅವನೇ!

"ನನ್ನ ಕೆಲಸ ವಾಪಸ್ ಸಿಕ್ತು. ಸುಳ್ಳು ವರದಿ ಕೊಟ್ಟಿದ್ದಕ್ಕೆ ಛೀಮಾರಿನೂ ಸಿಕ್ತು."

"ಒಳ್ಳೇದೇ ಆಯ್ತು," ಅಂದಳು. ದನಿಯಲ್ಲಿ ಬಿರುಸು ಬರಲೇ ಇಲ್ಲ.

"ಇನ್ನೊಂದು ನಿಜ ಹೇಳಬೇಕು." ಅವನ ಕಿವಿ ಕೆಂಪಾಗಿತ್ತು. "ಪುಸ್ತಕ ಓದಿದ ಮೊದಲ ದಿನವೇ ತಪ್ಪು ಎಲ್ಲಿ ಅಂತ ಗೊತ್ತಾಗಿತ್ತು. ಹೇಳಿಬಿಟ್ಟಿದ್ರೆ... ಎರಡನೇ ದಿನ ಬರೋಕೆ ನನಗೆ ಕಾರಣವೇ ಇರ್ತಿರಲಿಲ್ಲ."

ಅವಳು ಕೈಲಿದ್ದ ಸೀಸೆಯನ್ನು ಕೆಳಗಿಟ್ಟಳು.

"ಅಂದ್ರೆ... ಕರುಣೆ ಅಲ್ವಾ?"

"ಒಂದು ಚೂರೂ ಅಲ್ಲ. ಶುದ್ಧ ಸ್ವಾರ್ಥ."

ಕಣ್ಣು ತುಂಬಿ ಬಂದರೂ ಅವಳು ನಕ್ಕಳು. "ಭಾನುವಾರ ಮನೆಗೆ ಬನ್ನಿ. ಅಕ್ಕ ನಿಮ್ಮನ್ನ ನೋಡಬೇಕಂತೆ."

"ಅಕ್ಕ ಮಾತ್ರನಾ?"

"ಅಕ್ಕನಿಗೆ ಭಾನುವಾರ ಸಾಕು. ನನಗೆ ಸೋಮವಾರನೂ ಬೇಕು... ಮಂಗಳವಾರನೂ."