ಗುಡುಗಿನ ಎಡಗೈ

"ಮೊದಲು ಆ ಗಿಟಾರ್ ಕೆಳಗಿಡಿ!"

ಅವಳ ದನಿಗೆ ಕ್ಲಿನಿಕ್‌ನಲ್ಲಿ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಅವನು ಮಾತ್ರ ತಂತಿ ಮೀಟುತ್ತಲೇ ಇದ್ದ.

"ಈ ಸಾಲು ಮುಗಿಸಿಬಿಡ್ತೀನಿ ಮೇಡಂ..."

"ಮುಗಿಯೋದು ಸಾಲಲ್ಲ, ನಿಮ್ಮ ಕೈ!"

ಅವಳು ಫಿಸಿಯೋಥೆರಪಿಸ್ಟ್. ಅವನು ಶಾಸ್ತ್ರೀಯ ರಾಗಗಳನ್ನು ರಾಕ್ ಸಂಗೀತದ ಅಬ್ಬರಕ್ಕೆ ಬೆಸೆದು ಹೆಸರು ಮಾಡುತ್ತಿದ್ದ ಗಿಟಾರ್ ವಾದಕ. ಗೆಳೆಯರ ಬಾಯಲ್ಲಿ 'ಗುಡುಗು'. ಸ್ವರಗಳನ್ನು ಬಳುಕಿಸುವ ಗಮಕಕ್ಕಾಗಿ ದಪ್ಪ ತಂತಿಗಳನ್ನು ಎಳೆದೆಳೆದು ಅವನ ಎಡ ಮಣಿಕಟ್ಟು ಬಾತುಕೊಂಡಿತ್ತು.

"ಸ್ವಲ್ಪ ಮೆತ್ತಗೆ ನುಡಿಸೋಕಾಗಲ್ವಾ?"

"ಶಾಸ್ತ್ರೀಯದವರು ನಂದು ಗದ್ದಲ ಅಂತಾರೆ, ರಾಕ್‌ನವರು ಜೋಗುಳ ಅಂತಾರೆ. ಮೆತ್ತಗೆ ನುಡಿಸಿದ್ರೆ ಇಬ್ಬರಿಗೂ ಕೇಳಿಸಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲಾಮೇಲೆ ಅವನು ಬರುವ ಹೊತ್ತಿಗಿಂತ ಮುಂಚೆಯೇ ಅವಳ ಕಣ್ಣು ಬಾಗಿಲಿಗೆ ಹೋಗತೊಡಗಿತು. ಅವಳು ಅವನ ಬಿಗಿದ ಬೆರಳುಗಳನ್ನು ಬಿಡಿಸುವಾಗ ಅವನು ತನ್ನ ಹೊಸ ರಚನೆಯನ್ನು ಗುನುಗುತ್ತಿದ್ದ. ವಾದ್ಯವೃಂದದ ಜೊತೆ ಅವನ ಮೊದಲ ದೊಡ್ಡ ಕಾರ್ಯಕ್ರಮಕ್ಕೆಂದು ಬರೆದದ್ದು. ಗುನುಗು ನಿಂತರೆ ಸಾಕು, ಅವಳು ಹಿಡಿತ ಸಡಿಲಿಸುತ್ತಿದ್ದಳು. ನೋವಾಯಿತೇ?

'ರೋಗಿ ಕಣೇ ಅವನು... ನೆಟ್ಟಗಿರು!' ಎಂದು ತನ್ನನ್ನೇ ಗದರಿಕೊಂಡಳು.

ಕಾರ್ಯಕ್ರಮ ಹತ್ತಿರವಾದಾಗ ಹೇಳಲೇಬೇಕಾಯಿತು. "ಈ ಸಲ ನುಡಿಸ್ಬೇಡಿ. ನುಡಿಸಿದ್ರೆ ಮತ್ತೆಂದೂ ಆಗದೇ ಹೋಗಬಹುದು."

ಅವನು ಗಿಟಾರ್ ಎತ್ತಿಕೊಂಡು ಹೊರಟುಹೋದ. ಮರುದಿನ ಬಿರುಗಾಳಿಯಂತೆ ಬಂದ.

"ಗಿಟಾರ್‌ಗೆ ಬೇರೆಯವರನ್ನ ಹುಡುಕು ಅಂತಿದ್ದಾರೆ ಆಯೋಜಕರು! ಅವರ ಕಿವಿಗೆ ಊದಿದ್ದು ನೀವೇ ತಾನೇ? ಕೈ ನೋವಿನ ವಿಷ್ಯ ನಾನು ಮನೇಲೂ ಹೇಳಿರ್ಲಿಲ್ಲ... ನಂಬಿದ್ದೆ ನಿಮ್ಮನ್ನ!"

"ಅಲ್ಲ..." ಎನ್ನುವಷ್ಟರಲ್ಲಿ ಬಾಗಿಲು ಬಡಿದುಕೊಂಡಿತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನ್ ಎತ್ತಿಕೊಳ್ಳುವುದು, ಇಡುವುದು... ಮೊಣಕಾಲಿಗೆ ಕಟ್ಟಬೇಕಾದ ಪಟ್ಟಿಯನ್ನು ಅಜ್ಜಿಯೊಬ್ಬರ ಮೊಣಕೈಗೆ ಸುತ್ತಲು ಹೊರಟಳು!

"ನೋವಿರೋದು ಇಲ್ಲಲ್ಲ ತಾಯಿ," ಎಂದರು ಅಜ್ಜಿ.

'ನನಗೆಲ್ಲಿದೆ ಅಂತ ಹೇಗೆ ಹೇಳಲಿ...'

ಕೊನೆಗೊಂದು ಮಧ್ಯಾಹ್ನ ಅವನ ಅಕ್ಕ ಬಂದಳು. ತಮ್ಮನ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುವವಳು.

"ಆಯೋಜಕರಿಗೆ ಹೇಳಿದ್ದು ನಾನಮ್ಮಾ. ಊಟಕ್ಕೆ ಕೂತಾಗ ನೀರಿನ ಲೋಟ ಅವನ ಕೈಯಿಂದ ಜಾರಿಬಿತ್ತು. ಎತ್ಕೊಳ್ಳೋಕೂ ಆಗ್ಲಿಲ್ಲ. ನೋಡ್ಕೊಂಡು ಸುಮ್ನಿರೋಕಾಗುತ್ತಾ? ಇವತ್ತು ಅವನಿಗೂ ಹೇಳಿಬಿಟ್ಟೆ. ನಿನಗೆ ಮುಖ ತೋರ್ಸೋಕಾಗ್ದೆ ಒದ್ದಾಡ್ತಿದ್ದಾನೆ. ಬರ್ತೀಯಾ?"

ತಾಲೀಮಿನ ಕೋಣೆಯಲ್ಲಿ ಅವನ ಗಿಟಾರ್ ಬೇರೊಬ್ಬ ವಾದಕಿಯ ತೊಡೆಯ ಮೇಲಿತ್ತು!

"ಆ ಸ್ವರಕ್ಕೆ ನೆಟ್ಟಗೆ ಹೋಗ್ಬೇಡಿ... ಕೆಳಗಿನಿಂದ ಜಾರ್ಕೊಂಡು ಬನ್ನಿ," ಎಂದು ಅವನೇ ಹಾಡಿ ತೋರಿಸುತ್ತಿದ್ದ. ಪಿಟೀಲುಗಳು ಸೇರಿದವು. ಡ್ರಮ್ಸ್ ಸಿಡಿಯಿತು. ರಾಗ ಕೋಣೆ ತುಂಬಿ ಗುಡುಗಿತು. ತನ್ನ ರಚನೆಯನ್ನು ಮೊದಲ ಬಾರಿ ಸುಮ್ಮನೆ ನಿಂತು ಕೇಳುತ್ತಿದ್ದ ಅವನ ಕಣ್ಣು ಒದ್ದೆಯಾಗಿತ್ತು.

ಅವಳನ್ನು ಕಂಡು ಓಡಿಬಂದ.

"ಸಾರಿ... ಭಯ ಆಗಿತ್ತು. ನುಡಿಸದಿದ್ರೆ ನಾನ್ಯಾರು ಅಂತ..."

"ಇಷ್ಟೂ ಜನರ ಕೈಯಲ್ಲಿ ಈಗ ನುಡಿದಿದ್ದು ನೀವೇ ಅಲ್ವಾ?"

ಅವನು ತಲೆ ತಗ್ಗಿಸಿದ. "ಈ ಕೈ ವಾಸಿಯಾಗುತ್ತಾ?"

"ಆಗುತ್ತೆ, ನಿಧಾನಕ್ಕೆ. ಆದ್ರೆ ಇನ್ಮೇಲೆ ನಾನು ನೋಡಲ್ಲ. ಕ್ಲಿನಿಕ್‌ನಲ್ಲಿ ಬೇರೆಯವರು ನೋಡ್ತಾರೆ."

ಅವನ ಮುಖ ಬಾಡಿತು. "ಅಷ್ಟೊಂದು ಕೋಪಾನಾ?"

"ಅಲ್ಲ ಕಣೋ! ಪ್ರೀತಿಸೋನ ಕೈ ಮುಟ್ಟಿದ್ರೆ... ನನ್ನ ಕೈ ನಡುಗುತ್ತೆ!"

ಅಂದದ್ದೇ ಬಾಯಿ ಮುಚ್ಚಿಕೊಂಡಳು. ಅವನು ನಗುತ್ತಾ ಎಡಗೈ ಚಾಚಿದ.

"ಹಾಗಾದ್ರೆ ಈ ಕೈ ನಿಂಗೇ ಕೊಟ್ಟೆ."

"ಆಮೇಲೆ... ಕೈ ಕೊಡಲ್ಲ ತಾನೇ?"

"ಯಾವತ್ತೂ ಇಲ್ಲ... ಅಯ್ಯೋ, ಅಷ್ಟು ಬಿಗಿಯಾಗಿ ಬೇಡ ಕಣೇ, ನೋಯುತ್ತೆ!"