ಇಲ್ಲಿ ಯಾರಾದ್ರೂ ಇದ್ದಾರಾ?

"ರೀ… ನಿಲ್ಸಿ ಅದನ್ನ!"

ಅವಳ ಕೈಯಲ್ಲಿದ್ದ ಪೆನ್ಸಿಲ್ ಗಕ್ಕನೆ ನಿಂತಿತು.

ಅದು ಆಸ್ಪತ್ರೆಯ ಆಪರೇಷನ್ ಕೋಣೆಯ ಹೊರಗಿನ ಹಾಲ್. ಗೋಡೆಗೆ ಒತ್ತಿ ಸಾಲಾಗಿ ಕಬ್ಬಿಣದ ಕುರ್ಚಿಗಳು. ಎದುರು ಸಾಲಿನಲ್ಲಿ ಕುಳಿತಿದ್ದ ಯುವಕ ಎದ್ದು ಅವಳ ಮುಂದೆ ಬಂದು ನಿಂತಿದ್ದ. ಅವನ ಕಣ್ಣು ಕೆಂಪಗಿತ್ತು. ನಿದ್ದೆಗೆಟ್ಟಿದ್ದಕ್ಕೋ, ಕೋಪಕ್ಕೋ ಅವಳಿಗೆ ತಿಳಿಯಲಿಲ್ಲ.

"ಆಗ್ಲಿಂದ ನೋಡ್ತಾ ಇದ್ದೀನಿ, ನನ್ನ ಚಿತ್ರ ಬರೀತಿದ್ದೀರಾ ಅಲ್ವಾ? ನಮ್ಮಪ್ಪ ಒಳಗಡೆ ಟೇಬಲ್ ಮೇಲೆ ಮಲಗಿದ್ದಾರೆ. ನಿಮಗೆ ಇದು ತಮಾಷೆನಾ?"

"ಅಯ್ಯೋ ಇಲ್ಲ… ನಾನು ನಿಮ್ಮನ್ನ ಬರೀತಿರಲಿಲ್ಲ. ಕುರ್ಚಿನ ಬರೀತಿದ್ದೆ."

"ಏನು?"

"ಅಂದ್ರೆ… ನೀವು ಕೂತಿರೋ ರೀತಿನ. ನಾನು ಡಿಸೈನ್ ಓದ್ತಿದ್ದೀನಿ, ಮಾಸ್ಟರ್ಸ್. ಆಸ್ಪತ್ರೇಲಿ ಕಾಯೋರಿಗೆ ಅಂತ ಒಂದು ಕುರ್ಚಿ ಮಾಡ್ತಿದ್ದೀನಿ. ಅನುಮತಿನೂ ತಗೊಂಡಿದ್ದೀನಿ, ನೋಡಿ…" ಎಂದು ಕೊರಳಲ್ಲಿದ್ದ ಕಾರ್ಡ್ ಎತ್ತಿ ತೋರಿಸಿದಳು.

"ಆಸ್ಪತ್ರೆಯವರ ಹತ್ರ ತಗೊಂಡ್ರಿ. ನನ್ನ ಹತ್ರ?"

ಅವಳು ಹಾಳೆಯನ್ನು ಹರಿದು ಅವನ ಕೈಗಿಟ್ಟಳು. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತ.

ಮರ್ಯಾದೆಯಾಗಿ ಅಲ್ಲಿಂದ ಎದ್ದು ಹೋಗಬೇಕಿತ್ತು ನಮ್ಮ ಹುಡುಗಿ. ಹೋಗಲಿಲ್ಲ. ಕೆಳಗಿಳಿದು ಎರಡು ಲೋಟ ಕಾಫಿ ತಂದಳು. ಅವನ ಪಕ್ಕದ ಕುರ್ಚಿಯ ಮೇಲೆ ಅವನದೇ ಬ್ಯಾಗ್ ಇತ್ತು.

"ಇಲ್ಲಿ ಯಾರಾದ್ರೂ ಇದ್ದಾರಾ?"

ಅವನು ತಲೆ ಎತ್ತಿ ನೋಡಿದ. ಬ್ಯಾಗ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಇಬ್ಬರೂ ಕಾಫಿ ಕುಡಿದು ಮುಗಿಸಿದರು. ಆಮೇಲೆ ಅವನು ಜೇಬಿನಿಂದ ಆ ಹಾಳೆ ತೆಗೆದು ಬಿಡಿಸಿದ.

"ಕುರ್ಚಿ ಬರೀತಿದ್ದೆ ಅಂದ್ರಿ. ಮತ್ತೆ ಈ ಮೂಗು ಯಾರದ್ದು? ನನ್ನ ಮೂಗು ಇಷ್ಟುದ್ದ ಇದೆಯಾ?"

ಅವಳು ನಕ್ಕಳು. ಅವನೂ ನಕ್ಕ. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಹೊರಬಂದ ಡಾಕ್ಟರ ಮುಖದಲ್ಲೂ ನಗುವಿತ್ತು.

* * *

ಅವನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಮಾಸ್ತರ. ತಾಯಿ ಇಲ್ಲದ ಮನೆ. ಅಪ್ಪ, ಮಗ ಇಬ್ಬರೇ. ಅವಳ ಫೋನಿನಲ್ಲಿ ಅವನು 'ಈಜು ಮಾಸ್ತರ'. ಅವನ ಫೋನಿನಲ್ಲಿ ಅವಳು 'ಕುರ್ಚಿ ಮೇಡಂ'.

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ.

ಅಪ್ಪ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳನ್ನು ಊಟಕ್ಕೆ ಕರೆದರು. ಅವಳು ತಟ್ಟೆಯ ಪಕ್ಕದಲ್ಲೇ ಹಾಳೆ ಇಟ್ಟುಕೊಂಡು ಅದೇನೋ ಗೀಚುತ್ತಿದ್ದುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಸಿಕ್ಕಿದ ಕುರ್ಚಿ ಬಿಡದೆ ಇರೋರನ್ನ ಬೇಕಾದಷ್ಟು ನೋಡಿದ್ದೀನಿ ಕಣಮ್ಮ. ಕುರ್ಚಿಗೋಸ್ಕರ ಊಟ ಬಿಟ್ಟೋಳನ್ನ ನೋಡಿದ್ದು ನಿನ್ನನ್ನೇ ಮೊದಲು!"

"ಅಯ್ಯೋ, ಅಂಕಲ್…"

"ಅಂಕಲ್ ಗಿಂಕಲ್ ಎಲ್ಲಾ ಬೇಡ. ಬಾಯ್ತುಂಬಾ ಮಾವ ಅನ್ನು."

ಮಾವ ಎಂದರೆ ಅಮ್ಮನ ತಮ್ಮನೂ ಆಗಬಹುದು, ಗಂಡನ ಅಪ್ಪನೂ ಆಗಬಹುದು. ಹಿರಿಯರು ಕೇಳುತ್ತಿರುವುದು ಯಾವ ಮಾವನನ್ನು ಎಂಬುದನ್ನು ಮಗನ ಕೆಂಪಾದ ಕಿವಿಗಳೇ ಹೇಳುತ್ತಿದ್ದವು. ಅವಳು ನಾಚಿ ಹಾಳೆಯನ್ನು ಮಡಿಸಿಟ್ಟಳು.

"ಮುಂದಿನ ಸಲ ಬಂದಾಗ ಅಂತೀನಿ, ಅಂಕಲ್."

"ಮುಂದಿನ ಸಲ ಅಂದ್ರೆ ಮುಂದಿನ ಸಲ. ಮಾತು ತಪ್ಪಬಾರ್ದು ನೋಡು!"

ಆದರೆ ಆ ಮುಂದಿನ ಸಲ ಬರಲೇ ಇಲ್ಲ. ಏಕೆಂದರೆ ಕುರ್ಚಿ ಅವಳನ್ನು ಬಿಡಲಿಲ್ಲ.

ಅವಳು ಮಾಡುತ್ತಿದ್ದುದು ಇಬ್ಬರು ಕೂರುವ ಮರದ ಕುರ್ಚಿ. ನಡುವೆ ಮೊಣಕೈ ಊರಲು ಇಬ್ಬರಿಗೂ ಸೇರಿ ಒಂದೇ ಕೈ. ಆ ಕೈಯ ಬಾಗು ಸರಿಹೋಗುತ್ತಿರಲಿಲ್ಲ. ಬೆಳಗ್ಗೆ ವರ್ಕ್‌ಶಾಪಿಗೆ ಹೋದರೆ ಮರದ ಪುಡಿಯ ನಡುವೆ ಹಸಿವು, ಬಾಯಾರಿಕೆ ಯಾವುದೂ ತಿಳಿಯುತ್ತಿರಲಿಲ್ಲ. 'ಊಟ ಆಯ್ತಾ?' ಎಂದು ಅಮ್ಮ ಫೋನ್ ಮಾಡಿದರೆ, 'ಆಯ್ತಮ್ಮ' ಎಂಬ ಸುಳ್ಳು ತಾನಾಗಿಯೇ ಬಾಯಿಗೆ ಬರುತ್ತಿತ್ತು.

"ಈ ಭಾನುವಾರ ಸಿಗ್ತೀಯಾ?" ಅವನು ಕೇಳುತ್ತಿದ್ದ.

"ಈ ಕೈ ಒಂದು ಸರಿಹೋಗ್ಲಿ ಕಣೋ…"

"ಸದಾ ಕುರ್ಚಿ ಕೈ ಹಿಡ್ಕೊಂಡಿರ್ತೀಯ. ನನ್ನ ಕೈ ಹಿಡಿಯೋದು ಯಾವಾಗ?"

"ಆಮೇಲೆ. ಕೋರ್ಸ್ ಮುಗೀಲಿ, ಆಮೇಲೆ ಎಲ್ಲಾ."

ಬದುಕನ್ನು ಅವಳು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸಿಟ್ಟಿದ್ದಳು, ಅಷ್ಟೆ. ಇಟ್ಟಲ್ಲೇ ಇರುತ್ತದೆ ಎಂದು ನಂಬಿದ್ದಳು. ಬುದ್ಧಿ ಇಲ್ಲದ ಹುಡುಗಿಯಲ್ಲ. ಇದ್ದ ಬುದ್ಧಿಯೆಲ್ಲ ಆ ಕೈಯೊಂದಕ್ಕೇ ಖರ್ಚಾಗುತ್ತಿತ್ತು!

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಅವರ ಕಾಲೇಜಿನಲ್ಲಿ ಒಂದು ನಿಯಮವಿತ್ತು. ರಿವ್ಯೂ ನಡೆಯುವಾಗ ಎಲ್ಲರೂ ಸುತ್ತ ನಿಂತು ಕೆಲಸದ ತಪ್ಪು ಎತ್ತಿ ಆಡುತ್ತಾರೆ. ಕೆಲಸ ಮಾಡಿದವರು ಮಾತ್ರ ಬಾಯಿ ತೆರೆಯುವಂತಿಲ್ಲ.

"ನಾಳೆ ನಿನ್ನ ಕುರ್ಚಿ ಆಸ್ಪತ್ರೆಗೆ ಹೋದ್ರೆ, ಜೊತೆಗೆ ನೀನೂ ಹೋಗಿ ವಿವರಣೆ ಕೊಡ್ತೀಯಾ? ಇಲ್ಲ ತಾನೆ? ಹಾಗಾದ್ರೆ ಸುಮ್ನೆ ನಿಂತು ಕೇಳಿಸ್ಕೋ," ಎನ್ನುತ್ತಿದ್ದರು ಅವಳ ಗೈಡ್ ಮೇಡಂ. ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಕೊನೆಗೆ ಒಂದೇ ಮಾತು ಹೇಳಬೇಕು: 'ಥ್ಯಾಂಕ್ಯೂ, ನೋಟ್ ಮಾಡ್ಕೊಂಡಿದ್ದೀನಿ.'

ಮೊದಮೊದಲು ಅವಳು ಬಾತ್‌ರೂಮಿಗೆ ಹೋಗಿ ಅಳುತ್ತಿದ್ದಳು. ಕೊನೆಯ ವರ್ಷದ ಹೊತ್ತಿಗೆ ಎಂಥ ಮಾತು ಬಿದ್ದರೂ ರೆಪ್ಪೆ ಅಲುಗುತ್ತಿರಲಿಲ್ಲ.

* * *

"ಅಪ್ಪನ್ನ ಮತ್ತೆ ಅಡ್ಮಿಟ್ ಮಾಡಿದ್ದೀನಿ." ಫೋನಿನಲ್ಲಿ ಅವನ ದನಿ ಸೋತುಹೋಗಿತ್ತು. "ನಾಳೆ ಆಪರೇಷನ್. ಈ ಸಲ ಡಾಕ್ಟರ್ ಮುಖ ಕೊಟ್ಟು ಮಾತಾಡ್ತಿಲ್ಲ. ನೀನು ಪಕ್ಕದಲ್ಲಿ ಕೂತಿದ್ರೆ ಸಾಕು, ಇನ್ನೇನೂ ಬೇಡ."

ನಾಳೆ! ಅವಳ ದೊಡ್ಡ ರಿವ್ಯೂ ಇದ್ದದ್ದೂ ಅಂದೇ. ಹೊರಗಿನಿಂದ ಪರೀಕ್ಷಕರು ಬರುವವರಿದ್ದರು.

"ರಿವ್ಯೂ ಮುಗಿದ ತಕ್ಷಣ ಓಡಿ ಬರ್ತೀನಿ. ಪ್ರಾಮಿಸ್! ನನ್ನ ಜಾಗ ಹಿಡಿದಿಟ್ಟಿರು."

ರಿವ್ಯೂ ಕೋಣೆಗೆ ಹೋಗುವ ಮುನ್ನ ಎಲ್ಲರೂ ಮೊಬೈಲನ್ನು ಹೊರಗಿನ ಡ್ರಾಯರಿನಲ್ಲಿಟ್ಟರು. ಅವಳೂ ಇಟ್ಟಳು.

ಪರೀಕ್ಷಕರು ಕುರ್ಚಿಯಲ್ಲಿ ಕುಳಿತರು. ನಡುವಿನ ಕೈಯನ್ನು ಸವರಿದರು. "ಅದ್ಭುತ! ಪಕ್ಕದವರ ಮೊಣಕೈ ಕೂಡ ತಾಗಲ್ಲ. ಪ್ರತಿಯೊಬ್ಬರಿಗೂ ಅವರದ್ದೇ ಜಾಗ."

ರಿವ್ಯೂ ಮುಗಿಯಿತು. ಅವಳು ಹೊರಡಬಹುದಿತ್ತು. ಆದರೆ ಪರೀಕ್ಷಕರು, "ಬಾ, ಊಟ ಮಾಡ್ತಾ ಮಾತಾಡೋಣ," ಎಂದರು. ಅಷ್ಟು ದಿನ ಬರೀ ತಪ್ಪುಗಳನ್ನೇ ಕೇಳಿದ್ದ ಕಿವಿಗೆ ಆ ಹೊಗಳಿಕೆ ಎಷ್ಟು ಹಿತವಾಗಿತ್ತು! 'ಇನ್ನು ಸ್ವಲ್ಪ ಹೊತ್ತು… ಆಮೇಲೆ ಹೋದರಾಯಿತು…'

ಆಸ್ಪತ್ರೆಯ ಹಾಲಿಗೆ ಅವಳು ಏದುಸಿರು ಬಿಡುತ್ತ ಬಂದಾಗ ಅವನಿರಲಿಲ್ಲ. ನೆಲ ಒರೆಸುತ್ತಿದ್ದ ಆಯಾ ಒಬ್ಬರೇ ಇದ್ದರು.

"ಆ ಮೂಲೇಲಿ ಕೂತಿದ್ದ ಹುಡುಗಾನಾ? ಪಕ್ಕದ ಕುರ್ಚೀಲಿ ಬ್ಯಾಗ್ ಇಟ್ಕೊಂಡು ಕೂತಿದ್ದ ಕಣಮ್ಮ. ಜನ ತುಂಬಿತ್ತು, ಯಾರ್ಯಾರೋ ಜಾಗ ಕೇಳಿದ್ರು. 'ಬರ್ತಾರೆ, ಬರ್ತಾರೆ' ಅಂತ ಯಾರಿಗೂ ಬಿಡ್ಲಿಲ್ಲ." ಆಕೆ ಒರೆಸುವುದನ್ನು ನಿಲ್ಲಿಸಿದರು. "ಅವರಪ್ಪ ಹೋಗ್ಬಿಟ್ರಮ್ಮ."

ಅವಳು ಆ ಖಾಲಿ ಕುರ್ಚಿಯನ್ನು ನೋಡುತ್ತ ನಿಂತೇ ಇದ್ದಳು. ಅದರ ಮೇಲೆ ಕೂರುವ ಧೈರ್ಯ ಬರಲಿಲ್ಲ.

* * *

ಅವನ ಮನೆಗೆ ಹೋದಳು. ನೆಂಟರ ನಡುವೆ ಅವನು ಅವಳತ್ತ ತಿರುಗಿಯೂ ನೋಡಲಿಲ್ಲ. ಎಲ್ಲ ಕಾರ್ಯ ಮುಗಿದ ಮೇಲೆ ಒಂದು ದಿನ ತಾನಾಗಿಯೇ ವರ್ಕ್‌ಶಾಪಿನ ಅಂಗಳಕ್ಕೆ ಬಂದ. ಇಳಿದುಹೋಗಿದ್ದ.

"ಒಳಗೆ ಕರ್ಕೊಂಡು ಹೋಗೋ ಮುಂಚೆ ಅಪ್ಪ ಕೇಳಿದ್ರು, 'ಕುರ್ಚಿ ಮೇಡಂ ಬಂದ್ಲೇನೋ? ಈ ಸಲ ಮಾವ ಅಂತೀನಿ ಅಂದಿದ್ಲು' ಅಂತ. ಬರ್ತಿದ್ದಾಳೆ ಅಪ್ಪ, ದಾರೀಲಿದ್ದಾಳೆ ಅಂದೆ. ಅಪ್ಪಂಗೆ ನಾನು ಹೇಳಿದ ಕೊನೇ ಮಾತೇ ಸುಳ್ಳಾಗೋಯ್ತು."

ಅವಳ ಎದೆ ಒಡೆದುಹೋಯಿತು.

"ಕಾಯೋರ ಬೆನ್ನು ಎಲ್ಲಿ ನೋಯುತ್ತೆ, ಮೊಣಕಾಲು ಎಷ್ಟು ಬಾಗುತ್ತೆ, ಎಲ್ಲಾ ಗೊತ್ತು ನಿನಗೆ. ಕಾಯೋದು ಅಂದ್ರೆ ಏನು ಅಂತ ಮಾತ್ರ ಗೊತ್ತಿಲ್ಲ. ನಿನಗೆ ನಾನು ಬೇಕಾ, ಬೇಡ್ವಾ? ಅಷ್ಟಾದ್ರೂ ಹೇಳು."

'ಬೇಕು! ಉಸಿರಿಗಿಂತ ಹೆಚ್ಚಾಗಿ ಬೇಕು! ಕಾಲು ಹಿಡಿಯಲೇ? ಅಳಲೇ? ಆದರೆ ಯಾವ ಬಾಯಲ್ಲಿ? ಏನು ಹೇಳಿದರೂ ತಪ್ಪಿಗೆ ನೆಪ ಕೊಟ್ಟಂತಾಗುತ್ತದಲ್ಲ…'

ಒಳಗೆ ಇಷ್ಟೆಲ್ಲ ಕುದಿಯುತ್ತಿದ್ದರೂ ಅವಳ ಮೈ ತನಗೆ ರೂಢಿಯಾದದ್ದನ್ನೇ ಮಾಡಿತು. ಕೈಗಳು ತಾವಾಗಿಯೇ ಹಿಂದಕ್ಕೆ ಹೋದವು. ತಲೆ ತಗ್ಗಿತು. ಅವನು ಕಾದ. ಅವಳ ತುಟಿ ಅಲುಗಿತು.

"ಥ್ಯಾಂಕ್ಯೂ… ನೋಟ್ ಮಾಡ್ಕೊಂಡಿದ್ದೀನಿ."

ಆ ಮಾತು ತನ್ನ ಕಿವಿಗೇ ಬಿದ್ದಾಗ ಅವಳು ಬೆಚ್ಚಿಬಿದ್ದಳು. ಅಷ್ಟರಲ್ಲಿ ಕಾಲ ಮಿಂಚಿತ್ತು.

"ಏನಂದ್ರಿ?"

ಅಂದ್ರಿ! 'ನೀನು' ಆಗಿದ್ದವಳು ಒಂದೇ ಪದಕ್ಕೆ ಮತ್ತೆ 'ನೀವು' ಆಗಿಹೋದಳು. ಅವನು ಒಣ ನಗೆ ನಕ್ಕ.

"ಒಳ್ಳೇದಾಗ್ಲಿ ನಿಮಗೆ."

ಅವಳು ಅವನ ಹಿಂದೆ ಓಡಿದಳು, ಕೂಗಿದಳು. ಅವನು ನಿಲ್ಲಲಿಲ್ಲ. ಅವಳ ಮನಸ್ಸಿನಲ್ಲಿ ತಾನು ಇಲ್ಲವೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಆಮೇಲೆ ಅವಳು ಮಾಡಿದ ಫೋನುಗಳನ್ನು ಅವನು ಎತ್ತಲೇ ಇಲ್ಲ.

* * *

"ಊಟ ಆಯ್ತಾ?" ಅಮ್ಮನ ಫೋನ್.

"ಆಯ್…" ಸುಳ್ಳು ಅರ್ಧಕ್ಕೇ ನಿಂತಿತು. "ಇಲ್ಲಮ್ಮ… ಎಷ್ಟೋ ದಿನದಿಂದ ಸರಿಯಾಗಿ ಊಟನೇ ಮಾಡಿಲ್ಲ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಡೆದದ್ದನ್ನೆಲ್ಲ ಹೇಳಿಕೊಂಡಳು.

ಅಮ್ಮ ಬೈಯಲಿಲ್ಲ. "ಅವನು ಮಾತಾಡೋವಾಗ ಸುಮ್ನಿದ್ದೆ, ಸರಿ. ಅವನು ಮುಗಿಸಿದ ಮೇಲೆ ಯಾಕೆ ಪುಟ್ಟಾ ಸುಮ್ನಿದ್ದೆ? ಅವನೇನು ನಿನ್ನ ಪರೀಕ್ಷಕನಾ?"

ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕುಳಿತಳು. ಅದರಲ್ಲಿ ಅಳತೆಗಾಗಿ ಎಷ್ಟೋ ಸಲ ಕುಳಿತಿದ್ದಳು. ದುಃಖ ಹೊತ್ತು ಕುಳಿತದ್ದು ಅಂದೇ ಮೊದಲು. ಪಕ್ಕದಲ್ಲಿ ಅವನಿದ್ದಾನೆಂದುಕೊಂಡು ಕೈ ಚಾಚಿದಳು. ಎಲ್ಲರೂ ಹೊಗಳಿದ ಆ ನಡುವಿನ ಕೈ ಅಡ್ಡ ಬಂತು.

ಎದ್ದು ಗರಗಸ ತಂದಳು.

"ಎಲ್ರೂ ಮೆಚ್ಚಿದ್ದನ್ನೇ ಕತ್ತರಿಸಿದ್ದೀಯಲ್ಲ, ತಲೆಗಿಲೆ ಕೆಟ್ಟಿದೆಯಾ?" ಗೈಡ್ ಮೇಡಂ ಕೊನೆಯ ರಿವ್ಯೂನಲ್ಲಿ ಕೂಗಾಡಿದರು.

ಅವಳು ಕೈ ಹಿಂದೆ ಕಟ್ಟಲಿಲ್ಲ. "ಮೇಡಂ, ಇವತ್ತು ನಾನು ಮಾತಾಡ್ತೀನಿ. ಕಾಯೋರಿಗೆ ಅವರದ್ದೇ ಜಾಗ ಬೇಕು ಅಂದ್ಕೊಂಡಿದ್ದೆ. ಅವರಿಗೆ ಬೇಕಾಗಿರೋದು ಪಕ್ಕದಲ್ಲೊಬ್ರು. ಅದು ನನಗೆ ಗೊತ್ತಾಗೋ ಹೊತ್ತಿಗೆ ತುಂಬಾ ತಡ ಆಗಿತ್ತು."

ಅಂಕ ಕಡಿಮೆಯೇ ಬಂತು. ಅವಳಿಗೆ ಅದರಿಂದ ಅಷ್ಟೇನೂ ನೋವಾಗಲಿಲ್ಲ. ಸಂಜೆಯಾದರೆ ವರ್ಕ್‌ಶಾಪಿನ ದೀಪ ಆರಿಸಿ ಹೊರಡುವುದನ್ನು ಕಲಿತಿದ್ದಳು. ಆದರೆ ಬಿಡುವು ಸಿಕ್ಕ ಆ ಸಂಜೆಗಳಲ್ಲಿ ಜೊತೆಗೆ ನಡೆಯಲು ಯಾರೂ ಇರಲಿಲ್ಲ.

* * *

'ನಮ್ಮ ಪ್ರದರ್ಶನ ಇದೆ. ಬನ್ನಿ ಅನ್ನೋ ಹಕ್ಕು ನನಗಿಲ್ಲ. ಆದ್ರೂ… ಬನ್ನಿ.'

ಅವಳು ಕಳಿಸಿದ ಮೆಸೇಜನ್ನು ಅವನು ಓದಿದ್ದು ಕಂಡಿತು. ಉತ್ತರ ಬರಲಿಲ್ಲ.

ಪ್ರದರ್ಶನದ ಕೊನೆಯ ಸಂಜೆ. ಜನ ಕರಗಿದ್ದರು. ಬ್ಯಾನರ್ ಬಿಚ್ಚಲು ಏಣಿ ತರಲು ಹೋದವಳು ಮರಳಿ ಬರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಯಾರೋ ಕುಳಿತಿದ್ದರು. ಪಕ್ಕದ ಜಾಗದಲ್ಲಿ ಒಂದು ಹಳೆಯ ಬ್ಯಾಗ್.

ಅವಳು ಏಣಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

ಅವನು ಅವಳನ್ನು ನೋಡಲಿಲ್ಲ. ಕುರ್ಚಿಯ ನಡುವೆ ಬೆರಳಾಡಿಸುತ್ತಿದ್ದ. "ಇಲ್ಲೊಂದು ಕೈ ಇತ್ತಲ್ಲ. ಅದಕ್ಕೇ ಅಲ್ವಾ ಅಷ್ಟು ದಿನ ಒದ್ದಾಡಿದ್ದು ನೀವು?"

"ಕತ್ತರಿಸ್ದೆ."

"ಯಾಕೆ?"

"ಅದಿದ್ರೆ ಪಕ್ಕದಲ್ಲಿರೋರ ಕೈ ಹಿಡಿಯೋಕಾಗಲ್ಲ."

ಅವನ ಬೆರಳು ಅಲ್ಲೇ ನಿಂತಿತು.

"ಅವತ್ತು ಆಡ್ಬೇಕಿದ್ದ ಮಾತು ಇವತ್ತು ಆಡ್ಲಾ?" ಅವಳು ಕೇಳಿದಳು.

"ಆಡಿ."

"ಮೊಬೈಲ್ ಹೊರಗಿತ್ತು, ಗೊತ್ತಾಗ್ಲಿಲ್ಲ ಅಂತ ಹೇಳಬಹುದು. ಅದು ಅರ್ಧ ಮಾತ್ರ ನಿಜ. ರಿವ್ಯೂ ಮುಗಿದ ಮೇಲೂ ನಾನು ಅಲ್ಲೇ ಕೂತಿದ್ದೆ. ಹೊಗಳ್ತಿದ್ರು… ಇನ್ನೂ ಕೇಳ್ಬೇಕು ಅನ್ನಿಸ್ತು. ಆ ತಪ್ಪಿಗೆ ನೆಪ ಇಲ್ಲ. ಆದ್ರೆ ನೀನು ಬೈದಾಗ ಸುಮ್ನಿದ್ದಿದ್ದು ನೋವಾಗಿಲ್ಲ ಅಂತಲ್ಲ ಕಣೋ. ನಮ್ಮ ರಿವ್ಯೂನಲ್ಲಿ ಉತ್ತರ ಕೊಡೋ ಹಾಗಿಲ್ಲ, ಕೊನೇಲಿ ಆ ಒಂದು ಮಾತು ಹೇಳ್ಬೇಕು ಅಷ್ಟೇ. ಅದೇ ಅಭ್ಯಾಸ ಆಗೋಗಿತ್ತು. ನನ್ನದು ಅಂತ ಒಂದು ಮಾತೂ ಬಾಯಿಗೆ ಬರ್ಲಿಲ್ಲ. ಬೇಕಾ ಬೇಡ್ವಾ ಅಂತ ಕೇಳ್ದೆ. ಬೇಕು. ಅವತ್ತೂ ಬೇಕಿತ್ತು." ಅವಳು ಕಣ್ಣೊರೆಸಿಕೊಂಡಳು. "ಅವತ್ತು ಹೋಗಿದ್ದು ನಿಮ್ಮಪ್ಪ ಮಾತ್ರ ಅಲ್ಲ… ನನ್ನ ಮಾವನೂ ಹೋದ್ರು."

ಅವನ ಭುಜ ಒಮ್ಮೆ ಅದುರಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಪ್ಪ ಹೋದ ದಿನವೂ ಅಳದೆ ಗಟ್ಟಿಯಾಗಿ ನಿಂತಿದ್ದವನು ಈಗ ಮಗುವಿನಂತೆ ಅತ್ತ.

"ಇನ್ನೊಂದ್ಸಲ ಅನ್ನು," ಎಂದ ಕೊನೆಗೆ.

ಅನ್ನು! 'ಅನ್ನಿ' ಅಲ್ಲ!

"ಮಾವ…" ಅವಳು ಬಾಯ್ತುಂಬಾ ಕರೆದಳು. ಓಗೊಡಬೇಕಾದವರು ಇರಲಿಲ್ಲ. ಇಬ್ಬರೂ ಅದನ್ನು ತಿಳಿದೇ ಸ್ವಲ್ಪ ಹೊತ್ತು ಕಾದರು.

"ನನಗೆ ಇನ್ನೂ ಕೋಪ ಇದೆ," ಎಂದ ಅವನು, ತೋಳಿಗೆ ಕಣ್ಣೊರೆಸಿಕೊಳ್ಳುತ್ತ.

"ಇರ್ಲಿ."

"ಪೂರ್ತಿ ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಕಾಯ್ತೀನಿ."

ಅವಳು ಇನ್ನೂ ನಿಂತೇ ಇದ್ದಳು. ಒಂದು ಹೆಜ್ಜೆ ಮುಂದೆ ಬಂದು, ಬ್ಯಾಗ್ ಇದ್ದ ಜಾಗವನ್ನು ತೋರಿಸಿ ಮೆಲ್ಲಗೆ ಕೇಳಿದಳು.

"ಇಲ್ಲಿ ಯಾರಾದ್ರೂ ಇದ್ದಾರಾ?"

ಅವನು ಬ್ಯಾಗ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒಬ್ರು ಬರ್ತೀನಿ ಅಂದಿದ್ರು. ತುಂಬಾ ತಡ ಮಾಡಿದ್ರು."

"ಬಂದಿದ್ದಾರೆ."

"ಹಾಗಾದ್ರೆ… ಕೂತ್ಕೋ."