ಗುರುವಾರದ ಬಿಕ್ಕಳಿಕೆ

ಪರದೆಯ ಮೇಲಿನ ಮಾಸ್ತರರ ಬಾಯಿ ತೆರೆದೇ ನಿಂತಿತು. ಧ್ವನಿ ಮಾತ್ರ ಮುಂದೆ ಹೋಯಿತು. ಆಮೇಲೆ ಅದೂ ಕಡಿಯಿತು. ಒಂದು, ಎರಡು, ಮೂರು— ಪರದೆಯ ಪಕ್ಕ ನಿಂತಿದ್ದ ಶಿಕ್ಷಕಿ ಗೋಪಿಕಾ ಮನಸ್ಸಿನಲ್ಲೇ ಎಣಿಸಿದಳು. ಏಳು ಎನ್ನುವಷ್ಟರಲ್ಲಿ ಮಾಸ್ತರರ ಕೈ ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಒಮ್ಮೆಲೇ ಜಿಗಿಯಿತು.

ಅಕ್ಕಲಕೋಟದ ಬಸ್ ನಿಲ್ದಾಣದ ಹಿಂದಿದ್ದ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಅಂದು ಹನ್ನೆರಡು ಜನ ಕುಳಿತಿದ್ದರು. ಗುರುವಾರ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬರುವ ಹಳ್ಳಿಯ ಜನ ಹಾಗೇ ಇತ್ತ ಹಾಯಲಿ, ಒಂದು ಪಾಠ ಪುಕ್ಕಟೆ ನೋಡಲಿ, ಮೆಚ್ಚಿದರೆ ಮಕ್ಕಳನ್ನು ಸೇರಿಸಲಿ ಎಂಬುದು ಕ್ಲಾಸು ನಡೆಸುವ ನಾಗೇಶನ ಹಂಚಿಕೆ. ಪಾಠಗಳೆಲ್ಲ ಸಿಡಿಯಲ್ಲಿದ್ದವು. ಬ್ರೌಸರ್ ತೆರೆದು ಅದರೊಳಗೆ ವಿಡಿಯೋ ಓಡಿಸಬೇಕು.

ಸಾಯಬಣ್ಣ ಮುಂದಿನ ಸಾಲಿನಲ್ಲಿದ್ದ. ನಲವತ್ತು ಎಕರೆಯ ಒಕ್ಕಲುತನದವನು. ಬರುತ್ತಲೇ ಪರದೆಯ ಮೇಲಿನ ದೀಪಕ್ಕೆ ಕೈಮುಗಿದು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠಕ್ಕೆ ಕಾದಿದ್ದ. ಈಗ ಎದ್ದ.

"ನಾಗೇಶಣ್ಣ, ನಿಮ್ಮ ಮಾಸ್ತರಗ ಬಿಕ್ಕಳಿಕಿ ಹತ್ಯಾವ. ಮೊದಲ ಒಂದ ವಾಟಗಾ ನೀರ ಕುಡಸ್ರಿ. ಆಮ್ಯಾಲ ನಮ್ಮ ಹುಡಿಗೀಗಿ ಕಲಸಾಕ ಹಚ್ಚರಿ."

ಜನ ನಕ್ಕರು. ಹೊರಟ ಸಾಯಬಣ್ಣನ ಹಿಂದೆ ಉಳಿದವರೂ ಚಪ್ಪಲಿ ಹುಡುಕತೊಡಗಿದರು.

ಕೋಣೆ ಖಾಲಿಯಾಯಿತು. ನಾಗೇಶನ ಹಣೆಯ ಅಷ್ಟಗಂಧದ ತಿಲಕ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಇದು ಮೂರನೆಯ ಗುರುವಾರ. ಶುಕ್ರವಾರದಿಂದ ಬುಧವಾರದವರೆಗೆ ಸರಿಯಾಗಿ ಓಡುವ ಮಷೀನು ಜನರೆದುರಿಗೇ ಯಾಕೆ ಸಾಯುತ್ತದೆ? ತಾನಾಗೇ ಆಗುವುದಲ್ಲ, ಯಾರೋ ಬೇಕೆಂದೇ ಕೈ ಆಡಿಸಿದ್ದಾರೆ ಎಂದು ಅವನು ತೀರ್ಮಾನಿಸಿಬಿಟ್ಟ.

"ಗೋಪಿಕಾ, ವಹಿ ತಗೊಂಡ ಬಾ."

ಮಷೀನಿನ ಮುಂದೆ ಕೂಡುವ ಮೊದಲು ಕೆಲಸದವರು, ಕಲಿಯುವವರು ಆ ವಹಿಯಲ್ಲಿ ಹೆಸರು, ಹೊತ್ತು, ಕೆಲಸ ಬರೆಯಬೇಕೆಂಬುದು ಅಲ್ಲಿಯ ಕಟ್ಟಳೆ. ನಾಗೇಶ ಬೆರಳಿಟ್ಟ. ಮೂರೂ ಗುರುವಾರ ಮೊದಲ ಹೆಸರು ಅವಳದೇ. ಹೊತ್ತು: ಒಂಬತ್ತು ಗಂಟೆ.

"ಮುಂಜಾನಿ ಮೊದಲ ಕೂತಾಕಿ ನೀನ. ಏನ ಮಾಡಿದಿ?"

"ಪಾಠ ಹಚ್ಚಿ ನೋಡಿದೆ ಸರ್. ಆಗೂ ಹಿಂಗ ಇತ್ತು."

"ನಿನಗಿಂತ ಮೊದಲ ಯಾರ ಕೂತಿದ್ರು?"

ಗೋಪಿಕಾ ಹಾಳೆ ತಿರುವಿದಳು. ಅವಳ ಹೆಸರಿನ ಮೇಲೆ ಬೇರೆ ಹೆಸರಿರಲಿಲ್ಲ.

ಮುಂದಿನ ಗುರುವಾರ ಸೊಲ್ಲಾಪುರದ ವಿಜಾಪುರ ರಸ್ತೆಯ ಮುಖ್ಯ ಕಚೇರಿಯಿಂದ ಮಂದಾರ ಸರ್ ತಪಾಸಣೆಗೆ ಬರುವವರಿದ್ದರು. ಅವರೆದುರಿಗೂ ಪಾಠ ಮುಗ್ಗರಿಸಿದರೆ ಈ ಶಾಖೆ ಉಳಿಯುವುದಿಲ್ಲ. ಅಷ್ಟರೊಳಗೆ ದೋಷ ಸಿಗದಿದ್ದರೆ ವಹಿಯಲ್ಲಿರುವ ಹೆಸರನ್ನೇ ತಾನು ಅವರಿಗೆ ಹೇಳಬೇಕಾಗುತ್ತದೆಂದು ನಾಗೇಶ ತಣ್ಣಗೆ ತಿಳಿಸಿದ.

ಸಂಜೆಯ ಎಸ್.ಟಿ. ಬಸ್ಸಿನಲ್ಲಿ ಗೋಪಿಕಾಳಿಗೆ ಕಿಟಕಿಯ ಸೀಟು ಸಿಕ್ಕರೂ ಹೊರಗೆ ಏನಿದೆಯೆಂದು ಕಾಣಲಿಲ್ಲ. ಬಿ.ಎಸ್ಸಿ. ಮುಗಿಸಿ ಆರು ತಿಂಗಳು ಅಪ್ಪನನ್ನು ಕಾಡಿಬೇಡಿ ಪಡೆದ ಕೆಲಸ ಇದು. "ಹೊರಗಿಂದ ನಿನ್ನ ಮ್ಯಾಲ ಒಂದ ಮಾತ ಬಂತಂದ್ರ ಬಸ್ ಬಂದ್" ಎಂದು ಅಪ್ಪ ಮೊದಲ ದಿನವೇ ಹೇಳಿದ್ದರು. ಅವರು ಎರಡು ಮಾತಾಡುವವರಲ್ಲ. ದಿನಚರಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಕುಲುಕಾಟದಲ್ಲೇ ಅಂದು ಕಂಡದ್ದನ್ನೆಲ್ಲ ಬರೆದಳು. ಸಣ್ಣದನ್ನೂ ಬಿಡಲಿಲ್ಲ. ಮುಂಜಾನೆ ಮೌಸಿನ ಎಡಗುಂಡಿಯ ಮೇಲಿದ್ದ ಕೇಸರಿ ಕಲೆಯನ್ನು ದುಪಟ್ಟಾದ ಚುಂಗಿನಿಂದ ಒರೆಸಿದ್ದನ್ನೂ.

ಶುಕ್ರವಾರ ಅವಳು ನಿಖಿಲನನ್ನು ಕೇಳಿದಳು. ಅವಳ ಜೊತೆಗೆ ಕಲಿಸುವವನು. ಬೀಗದ ಕೈ ಅವನ ಬಳಿಯೂ ಒಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದ ಎಂಬುದು ಗುಟ್ಟೇನಲ್ಲ.

"ಆ ಆಟ ಇನ್ನೂ ಮಷೀನದಾಗ ಐತೇನು?"

"ತಗದು ತಿಂಗಳಾತು. ಯಾಕ್ರಿ ಮ್ಯಾಡಮ್, ಪತ್ತೇದಾರಕಿ ಚಾಲೂ ಮಾಡಿದ್ರೇನು?" ನಿಖಿಲ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ನಕ್ಕ. "ದೋಷ ಬ್ರೌಸರದಾಗ ಐತಿ. ಇವತ್ತ ಕಿತ್ತು ಮತ್ತ ಹೊಸದಾಗಿ ಹಾಕೀನಿ. ನೋಡ್ರಿ, ಹ್ಯಾಂಗ ಓಡತೈತಿ."

ವಿಡಿಯೋ ನಿಜಕ್ಕೂ ನೀರಿನ ಹಾಗೆ ಓಡಿತು. ಆದರೆ ಹೋದ ಶುಕ್ರವಾರವೂ ಅವನು ಇದನ್ನೇ ಮಾಡಿ ಹೀಗೇ ಬೀಗಿದ್ದ, ಅದರ ಹಿಂದಿನ ಶುಕ್ರವಾರವೂ. ಔಷಧ ಕೊಟ್ಟದ್ದರಿಂದ ಗುಣವಾಯಿತೋ, ಗುಣವಾದ ಮೇಲೆ ಔಷಧ ಕೊಟ್ಟನೋ?

ಕಸ ಗುಡಿಸುವ ಮಲಕಾಜಪ್ಪನನ್ನು ಕೇಳಿದಳು. ಹಣೆತುಂಬ ವಿಭೂತಿಯ ಮುದುಕ ಅವಳನ್ನೇ ಕನಿಕರದಿಂದ ನೋಡಿದ. ತಾನು ಎಂಟಕ್ಕೆ ಬಂದು ಗುಡಿಸಿ, ಮಷೀನಿನ ಮೇಲೆ ಹೂವಿಟ್ಟು ಹೋಗುವುದಷ್ಟೇ ಎಂದ.

"ಮಷೀನ ಮುಟ್ಟೀರೇನು ಕಾಕಾ?"

"ನಾ ಯಾಕ ಮುಟ್ಟಲಿ ತಂಗಿ? ಕರೆಂಟ ಹೊಡದ್ರ ನಿಮ್ಮ ಕಾಕೂಗ ಯಾರ ಜವಾಬ ಕೊಡಾವ್ರು? ಹೂವ ಸೈತ ದೂರಿಂದ ಇಡತೀನಿ."

ಕೀಲಿಗಳು ಮೂರು: ಒಂದು ನಿಖಿಲನದು, ಒಂದು ಮಲಕಾಜಪ್ಪನದು. ಮೂರನೆಯದು ನಾಗೇಶನದು. ಅವನನ್ನು ಕೇಳುವುದು ಹೇಗೆ? ಕೇಳಲಿಲ್ಲ. ಉಳಿದ ದಿನಗಳಲ್ಲಿ ಮಷೀನನ್ನೇ ಕೇಳಿದಳು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಗೆರೆಚಿತ್ರವೊಂದು ಅದರೊಳಗಿತ್ತು. ಸೋಮವಾರ ಪಾಠ ಓಡುವಾಗ ಗೆರೆ ಅರ್ಧಕ್ಕೆ ಏರಿತು, ನಿಲ್ಲಿಸಿದಾಗ ನೆಲಕ್ಕಿಳಿಯಿತು. ಮಂಗಳವಾರ, ಬುಧವಾರ ಹಾಗೇ. ಮೂರು ದಿನದ ಗೆರೆಯನ್ನು ದಿನಚರಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಳು.

ಗುರುವಾರ ಬಂತು. ಒಂಬತ್ತಕ್ಕೆ ಅವಳು ವಹಿಯಲ್ಲಿ ಹೆಸರು ಬರೆದು ಕುಳಿತಾಗ ಪರದೆಯ ಮೇಲೆ ದೀಪ, ಮಷೀನಿನ ತಲೆಯ ಮೇಲೆ ಚೆಂಡುಹೂವು, ಎಲ್ಲ ಗುರುವಾರಗಳ ಹಾಗೆ. ಮೌಸಿನ ಮೇಲೆ ಅದೇ ಕೇಸರಿ ಕಲೆ. ಒರೆಸಲೆಂದು ದುಪಟ್ಟಾ ಎತ್ತಿದವಳು ತಡೆದಳು. ಗೆರೆಚಿತ್ರ ತೆರೆದಳು. ಗೆರೆ ನೂರರ ಮೇಲೆ ಅಂಟಿಕೊಂಡಿತ್ತು. ಬ್ರೌಸರನ್ನು ಅವಳು ಇನ್ನೂ ತೆರೆದೇ ಇರಲಿಲ್ಲ!

ಓಡುತ್ತಿರುವ ಕೆಲಸಗಳ ಪಟ್ಟಿ ನೋಡಿದಳು. ಹೊಸದೇನೂ ಇಲ್ಲ. ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದಳು. ಅಷ್ಟರಲ್ಲಿ ಹೊರಗೆ ರಿಕ್ಷಾ ನಿಂತಿತು.

ಮಂದಾರ ಸರ್ ಒಳಗೆ ಬಂದವರೇ ಮೊದಲು ಗೋಡೆ ನೋಡಿದರು. ಅವರೇ ಬರೆದು ಕಳಿಸಿದ ನಿಯಮಗಳು ಅಲ್ಲಿ ಅಂಟಿದ್ದವು: ಚಪ್ಪಲಿ ಹೊರಗೆ ಬಿಡಬೇಕು; ಊದಿನಕಡ್ಡಿ, ಎಣ್ಣೆದೀಪ ಹಚ್ಚಬಾರದು, ಹೊಗೆಯಿಂದ ಮಷೀನಿಗೆ ಅಪಾಯ. ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿ ಪಾಠ ಹಚ್ಚಲು ಹೇಳಿದರು.

ಮಾಸ್ತರರು ಬಾಯಿ ತೆರೆದರು. ನಿಂತರು. ಜಿಗಿದರು.

"ಹೇ ಕಾಯ್, ನಾಗೇಶ?" ಇದೇನೆಂದು ಮಂದಾರ ಸರ್ ಮರಾಠಿಯಲ್ಲಿ ಕೇಳಿದರು.

ನಾಗೇಶ ವಹಿ ಮುಂದಿಟ್ಟ. ಅವಳ ಮುಖ ನೋಡದೆ ಹೇಳಿದ: "ಮುಂಜಾನಿ ಮೊದಲ ಕೂತಾಕಿ ಈಕಿ, ಸರ್."

ಗೋಪಿಕಾಳಿಗೆ ಓಡಿಹೋಗಬೇಕೆನಿಸಿತು. ಬದಲಿಗೆ ಅವಳು ಮೌಸ್ ಹಿಡಿದು ಪಾಠ ನಿಲ್ಲಿಸಿದಳು. ಬ್ರೌಸರನ್ನೂ ಮುಚ್ಚಿದಳು. ಹಿಂದಿನಿಂದ ದೀಪ ಕಾಣಿಸಿತು, ಮೂಲೆಯಲ್ಲಿ ಗೆರೆಚಿತ್ರ. ಗೆರೆ ಇಳಿಯಲಿಲ್ಲ. ದೀಪದ ಕುಡಿ ಎಡಕ್ಕೆ ಬಾಗಿತು. ಬಲಕ್ಕೆ ಬಾಗಿತು.

ಅವಳು ಅದನ್ನೇ ನೋಡುತ್ತ ನಿಂತಳು. ಮೂರು ಗುರುವಾರ ಇದಕ್ಕೆ ತಾನೂ ಕೈಮುಗಿದಿದ್ದಳಲ್ಲ!

"ಸರ್, ಪಾಠ ನಿಲ್ಲಿಸೀನಿ, ಬ್ರೌಸರ್ ಮುಚ್ಚೀನಿ. ಆದ್ರೂ ಮಷೀನ ದುಡ್ಯಾಕತ್ತೈತಿ. ಯಾರ ಸಲುವಾಗಿ?" ಅವಳು ಪರದೆಗೆ ಬೆರಳು ತೋರಿಸಿದಳು. "ಈ ದೀಪದ ಸಲುವಾಗಿ. ಇದು ಬರೇ ಚಿತ್ರ ಅಲ್ಲ. ಇದೂ ಒಂದ ವೆಬ್ ಪುಟ, ಪರದೆಗೆ ಹಿನ್ನೆಲಿ ಮಾಡಿ ಹಾಕ್ಯಾರ. ಒಳಗ ಜ್ವಾಲಿ ಕ್ಷಣಕ್ಷಣಕ್ಕ ಹೊಸದಾಗಿ ತಯಾರ ಆಗತೈತಿ. ಅದು ಪರದೆದ ಭಾಗನ ಆಗಿರೂದ್ರಿಂದ ಪಟ್ಟಿಯಾಗ ಬ್ಯಾರೆ ಹೆಸರ ಬರೂದಿಲ್ಲ. ಮ್ಯಾಲ ಏನ ತೆರದ್ರೂ ಹಿಂದ ಅದು ಉರೀತನ ಇರತೈತಿ. ಪ್ರೊಸೆಸರದ ಶಕ್ತಿ ಎಲ್ಲಾ ಅದಕ್ಕ ಹೊಂಟೈತಿ. ಮಾಸ್ತರಗ ಉಸರಾಡಾಕ ಉಳದಿಲ್ಲ."

ದೀಪ ಹಾಕಿದವರು ಯಾರೆಂದು ಮಂದಾರ ಸರ್ ಕೇಳಿದರು. ನಿಖಿಲ ಗೋಪಿಕಾಳನ್ನು ನೋಡಿದ. ಅವಳು ಹಾಕಿದ್ದೆಂದೇ ಅವನು ತಿಳಿದಿದ್ದನಂತೆ. ಅವನು ಹಾಕಿದ್ದೆಂದು ಅವಳು. ಗುರುವಾರ ದೀಪ ಇರುವುದೇ. ಹಚ್ಚಿದವರು ಯಾರೆಂದು ಯಾರು ಕೇಳುತ್ತಾರೆ?

ಗೋಪಿಕಾ ಮೌಸನ್ನು ಬೆಳಕಿಗೆ ಎತ್ತಿ ಹಿಡಿದಳು.

"ಪ್ರತಿ ಗುರುವಾರ ಇದರ ಮ್ಯಾಲ ಕೇಸರಿ ಕಲಿ ಇರತಿತ್ತು, ನಾ ಒರಸ್ತಿದ್ದೆ. ಇವತ್ತ ಬಿಟ್ಟೀನಿ. ಮಲಕಾಜಪ್ಪ ಕಾಕಾ ಹಚ್ಚೂದು ವಿಭೂತಿ, ಅದು ಬಿಳೀದು. ನಿಖಿಲ ಏನೂ ಹಚ್ಚೂದಿಲ್ಲ. ಇದು ಅಷ್ಟಗಂಧ." ಅವಳು ನಾಗೇಶನತ್ತ ತಿರುಗಿದಳು: "ಸರ್, ದೀಪ ಹಚ್ಚಿದಾವ್ರು ನೀವ."

ನಾಗೇಶನ ಕೈ ತಾನಾಗೇ ಹಣೆಗೆ ಹೋಯಿತು. ಬೆರಳ ತುದಿ ನೋಡಿಕೊಂಡ. ಕೇಸರಿ.

ಆಮೇಲೆ ಎಲ್ಲ ಹೇಳಿದ. ಗುರುವಾರ ದೀಪ ಹಚ್ಚದೆ ಕೆಲಸಕ್ಕೆ ಕೂಡಬೇಡ ಎಂದು ಅವ್ವ ಆಣೆ ಹಾಕಿದ್ದಳು. ಗೋಡೆಯ ಮೇಲೆ ನಿಯಮ. ತಿಂಗಳ ಹಿಂದೆ ಗೆಳೆಯನೊಬ್ಬ ಫ್ಲಾಪಿಯಲ್ಲಿ ಈ ದೀಪ ತಂದುಕೊಟ್ಟ. ಹೊಗೆಯಿಲ್ಲ, ಎಣ್ಣೆಯಿಲ್ಲ. ಏಳಕ್ಕೇ ಬಂದು, ಗಂಧ ಹಚ್ಚಿಕೊಂಡ ಬೆರಳಿನಿಂದಲೇ ಅದನ್ನು ಹಚ್ಚಿ ಹೋಗುತ್ತಿದ್ದ. ಸಂಜೆ ಆರತಿಯಾದ ಮೇಲೆ ತೆಗೆಯುತ್ತಿದ್ದ.

"ದೀಪ ಏನ ಭಾರ ಆಗತೈತಿ ಅಂತ ತಿಳದಿದ್ದೆ" ಎಂದ.

ಹಾಗಾದರೆ ಈಗ ತೆಗೆದುಬಿಡಿ ಎಂದರು ಮಂದಾರ ಸರ್. ನಾಗೇಶನ ಬೆರಳು ಮೌಸಿನವರೆಗೆ ಹೋಗಿ ಹಿಂದೆ ಸರಿಯಿತು. ನಿಖಿಲ ಕಿಟಕಿ ನೋಡಿದ. ಆರತಿಗೆ ಮೊದಲು ಗುರುವಾರದ ದೀಪ ಆರಿಸುವುದೇ? ನಿಯಮ ಬರೆದ ಮಂದಾರ ಸರ್ ತಾವೇ ಕುರ್ಚಿ ಎಳೆದುಕೊಂಡರು, ಕೈ ಚಾಚಿದರು, ಮೌಸ್ ಮುಟ್ಟದೆ ಕನ್ನಡಕ ಒರೆಸಿಕೊಂಡು ಎದ್ದರು.

ಗೋಪಿಕಾ ಫ್ಲಾಪಿ ಕೇಳಿದಳು. ಬಾಗಿಲ ಬಳಿ, ಟೈಪಿಂಗ್ ಕಲಿಯಲೆಂದು ಇಟ್ಟ ಹಳೆಯ ಮಷೀನೊಂದಿತ್ತು. ಮೊದಲು ಅದರಲ್ಲಿ ದೀಪ ಹೊತ್ತಿಸಿದಳು. ಕುಡಿ ಅಲ್ಲಿ ತಡೆತಡೆದು, ಗಾಳಿಗೆ ಸಿಕ್ಕಂತೆ ಉರಿಯಿತು. ಅದು ಆರದೆ ಉರಿಯುತ್ತದೆಂದು ಖಾತ್ರಿಯಾದ ಮೇಲೆಯೇ ಬಂದು ಈ ಪರದೆಯಿಂದ ತೆಗೆದಳು.

ಗೆರೆ ನೆಲಕ್ಕಿಳಿಯಿತು.

ಮಾಸ್ತರರು ಒಂದೇ ಉಸಿರಿಗೆ ಕರಿಹಲಗೆಯ ತುದಿಯವರೆಗೆ ಬರೆದರು. ಮಂದಾರ ಸರ್ ಪಾಠ ಮುಗಿಯುವವರೆಗೆ ನೋಡಿ, ಚಹಾ ತರಿಸಲು ಹೇಳಿದರು.

ನಾಗೇಶ ವಹಿಯನ್ನು ತನ್ನ ಕಡೆ ಎಳೆದುಕೊಂಡ. ಅವಳ ಹೆಸರಿನ ಮೇಲೆ ಜಾಗವಿರಲಿಲ್ಲ. ಹಾಳೆಯ ಅಂಚಿನಲ್ಲಿ, ಇಕ್ಕಟ್ಟಾಗಿ ಬರೆದ: ನಾಗೇಶ. ಹೊತ್ತು: ಏಳು. ಕೆಲಸ: ದೀಪ.